ಹೋದವರ ಪಾಲು

ನಿಮ್ಮ ಅಜ್ಜನ ಅಜ್ಜನ ಹೆಸರೇನು ಎಂದು ಯಾರಾದರೂ ಥಟ್ಟನೆ ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ತಡವರಿಸದೆ ಹೇಳಿಯಾರು? ಅಶೋಕ ಚಕ್ರವರ್ತಿಯ ಹೆಸರನ್ನು ಶಾಲೆಯ ಹುಡುಗನೂ ಬಲ್ಲ. ಆ ಹೆಸರು ನಮ್ಮ ರಾಯಚೂರು ಸೀಮೆಯ ಮಸ್ಕಿಯ ಬಂಡೆಯ ಮೇಲೆಯೇ ಇದೆ. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಆ ಬರಹ ಬಿತ್ತು. 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂಬುದು ಅದರಿಂದ ವಿದ್ವಾಂಸರಿಗೆ ನಿಶ್ಚಯವಾಯಿತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಅರಸನ ಹೆಸರು ಹೀಗೆ ಉಳಿದು ಬಂದಿದೆ. ಅಲ್ಲಿಂದ ಬಹಳ ದೂರವೇನೂ ಅಲ್ಲದ ಪೋತ್ನಾಳದಲ್ಲಿ ನೂರೈವತ್ತು ವರ್ಷಗಳ ಹಿಂದೆ ನೇಗಿಲು ಹಿಡಿದಿದ್ದ ನನ್ನ ಹಿರಿಯನ ಹೆಸರು ಮಾತ್ರ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಆತನನ್ನು 'ದೊಡ್ಡ ಮುತ್ಯಾ' ಎನ್ನುತ್ತಿದ್ದರು, ಅಷ್ಟೇ.

ಮಾನ್ವಿಯನ್ನು ದಾಟಿ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಪೋತ್ನಾಳ ಸಿಗುತ್ತದೆ. ಕೃಷ್ಣೆ ತುಂಗಭದ್ರೆಗಳ ನಡುವಿನ ಎರೆನೆಲ. ನಾನು ಹುಡುಗನಾಗಿದ್ದಾಗ ಇದು ಇನ್ನೂ ಬಿಳಿಜೋಳದ ಸೀಮೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆಯ ನೀರು ಬರಬರುತ್ತ ಈ ಕಡೆ ಹರಿದ ಮೇಲೆ ಭತ್ತ ಬಂತು. ಭತ್ತದ ಹಿಂದೆ ಆಂಧ್ರದ ರೈತರು ಬಂದರು. ಅವರು ನೆಲಸಿದ ಕಡೆಗಳಿಗೆಲ್ಲ 'ಕ್ಯಾಂಪು' ಎಂದು ಹೆಸರಾಯಿತು. ಊರ ಕಟ್ಟೆಯ ಮೇಲೆ ಕುಳಿತು ನಮ್ಮ ಕಾಕಾ, “ಅವರು ಬಂದವರು, ನಾವು ಇಲ್ಲಿಯವರು” ಎಂದು ಗತ್ತಿನಿಂದ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನಾನೂ ಹಾಗೆಯೇ ನಂಬಿದ್ದೆ. ನೌಕರಿಯಿಂದ ನಿವೃತ್ತನಾದ ಮೇಲೆ, ಮಾಡಲು ಬೇರೆ ಕೆಲಸವಿಲ್ಲದೆ, ಮನೆತನದ ಬೇರನ್ನು ಹುಡುಕಲು ಹೊರಟೆ. ಇಂಥ ಹುಚ್ಚು ಹಿಡಿಯುವುದು ಸಾಮಾನ್ಯವಾಗಿ ಆ ವಯಸ್ಸಿನಲ್ಲಿಯೇ.

ಇಂಗ್ಲೆಂಡು ವೇಲ್ಸುಗಳಲ್ಲಿ ಈ ಹುಚ್ಚಿನವರಿಗೆ ಒಂದು ಅನುಕೂಲವಿದೆ. ಅಲ್ಲಿ 1538ರಲ್ಲಿಯೇ ಪ್ರತಿ ಊರಿನ ಚರ್ಚಿನ ಪಾದ್ರಿಯೂ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದು ಅಪ್ಪಣೆಯಾಯಿತು. ಹಾಗಿದ್ದರೂ ವೇಲ್ಸಿನವರ ಪಾಡು ನಮ್ಮ ಪಾಡೇ. ಅಲ್ಲಿ ಬಹುಕಾಲ ಮನೆತನದ ಹೆಸರೆಂಬುದೇ ಇರಲಿಲ್ಲ. ಇಂಥವನ ಮಗ ಇಂಥವನು ಎಂದಷ್ಟೇ ಹೇಳುತ್ತಿದ್ದರು. ಕೊನೆಗೆ ಊರಿಗೆ ಊರೇ ಜೋನ್ಸ್, ಡೇವಿಸ್ ಎಂದಾದಾಗ, ರೊಟ್ಟಿ ಮಾರುವ ಜೋನ್ಸ್, ಹಾಲಿನ ಜೋನ್ಸ್ ಎಂದು ಕಸುಬು ಸೇರಿಸಿ ಗುರುತು ಹಿಡಿಯಬೇಕಾಯಿತು. ನಮ್ಮ ಊರಲ್ಲಿಯೂ ಒಂದೇ ಹೆಸರಿನ ಹತ್ತು ಜನರಿದ್ದರೆ ಅಡ್ಡಹೆಸರೇ ಗತಿ. ಆ ಅಡ್ಡಹೆಸರು ಹೇಳುವವರು ಸತ್ತರೆ ಮನುಷ್ಯ ಎರಡನೆಯ ಸಲ ಸತ್ತಂತೆ.

ನಮ್ಮಲ್ಲಿ ಪಾದ್ರಿಯ ಪುಸ್ತಕವಿಲ್ಲ, ಹೆಳವನಿದ್ದಾನೆ. ಪಟ್ಟಣದ ವಾಚಕರಿಗೆ ಈತನ ಪರಿಚಯ ಇರಲಿಕ್ಕಿಲ್ಲ. ಸುಗ್ಗಿ ಮುಗಿದು ಕಣದಲ್ಲಿ ರಾಶಿ ಬಿದ್ದ ಕಾಲಕ್ಕೆ, ಕೆಲವು ವರ್ಷಗಳಿಗೊಮ್ಮೆ, ಸಿಂಗರಿಸಿದ ಎತ್ತಿನ ಮೇಲೆ ಕಾಲಿಗೆ ಕಂಬಳಿ ಸುತ್ತಿಕೊಂಡು ಕುಳಿತು, ಗಂಟೆ ಬಾರಿಸುತ್ತ ಆತ ಬರುತ್ತಿದ್ದ. ಹೆಳವನೆಂದರೆ ಕುಂಟ. ಕಾಲು ನೆಟ್ಟಗಿದ್ದರೂ ಹೆಸರಿಗೆ ತಕ್ಕಂತೆ ಆ ಕಂಬಳಿ. ಅಂಗಳದಲ್ಲಿ ನಿಂತು ಆತ ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದ. ಇಂಥ ಮನೆಗಳು ಇಂಥ ಹೆಳವನವು ಎಂದು ಅವರಲ್ಲಿಯೇ ಹಂಚಿಕೆ. ಒಬ್ಬನ ಒಕ್ಕಲಿಗೆ ಇನ್ನೊಬ್ಬ ಹೋಗುವಂತಿಲ್ಲ. ಜೋಳ, ಬಟ್ಟೆ, ರೊಕ್ಕ ಕೊಡಬೇಕು. ಉಳ್ಳವರು ಕರುವನ್ನೂ ಕೊಡುತ್ತಿದ್ದರು. ಚಿಕ್ಕಂದಿನಲ್ಲಿ ನನಗೆ ಆತನ ಎತ್ತಿನ ಕೊಂಬಿನ ಅಣಸಿನ ಮೇಲೆ ಇದ್ದ ಲಕ್ಷ್ಯ ಆತನ ಮಾತಿನ ಮೇಲೆ ಇರಲಿಲ್ಲ. ಈಗ ಆ ಮಾತಿಗಾಗಿ ಊರೂರು ವಿಚಾರಿಸಬೇಕಾಯಿತು.

ಹೆಳವ ಸಿಗುವ ಮೊದಲು ಕಾಗದಗಳ ಬೆನ್ನು ಹತ್ತಿದೆ. ನಮ್ಮ ಸೀಮೆಯ ಕಾಗದ ಓದುವುದು ಸುಲಭವಲ್ಲ. ಒಬ್ಬ ಅರಸನಿಂದ ಇನ್ನೊಬ್ಬನಿಗೆ ಈ ನೆಲ ಅಷ್ಟು ಸಲ ಕೈ ಬದಲಾಯಿಸಿದೆ. ಕೃಷ್ಣದೇವರಾಯನೂ ಆದಿಲಶಾಹಿಯೂ 1520ರಲ್ಲಿ ರಾಯಚೂರಿಗಾಗಿ ಕಾದಿದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದೆಂದರೆ, ಫೌಜಿನ ಖರ್ಚಿನ ಸಾಲಕ್ಕಾಗಿ ನಿಜಾಮನು 1853ರಲ್ಲಿ ಈ ದೋಆಬನ್ನು ಇಂಗ್ಲಿಷರ ಕೈಗೆ ಒಪ್ಪಿಸಿದ್ದ. 1860ರಲ್ಲಿ ಅದು ಮರಳಿ ಬಂತು. ಆಮೇಲೆ 1948ರ ಸೆಪ್ಟೆಂಬರಿನವರೆಗೆ ನಿಜಾಮನದೇ ಆಳ್ವಿಕೆ. ಮೇಲಿನ ಕಚೇರಿಗಳಲ್ಲಿ 1880ರ ದಶಕದವರೆಗೆ ಪಾರಸಿ, ಅನಂತರ ಉರ್ದು, ಊರ ಕುಲಕರ್ಣಿಯ ದಫ್ತರದಲ್ಲಿ ಮೋಡಿ, ಮಾತನಾಡುವುದು ಕನ್ನಡ. ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂಬುದನ್ನು ಒಕ್ಕಲಿಗ ಎಂದೂ ತಾನೇ ಓದಿದವನಲ್ಲ. ಇಸವಿಯ ಬದಲು ಫಸಲಿ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಬರುತ್ತದೆ.

1954ರ ಸುಮಾರಿನ ಖಾಸರಾ ಪಹಣಿಯಲ್ಲಿ ಅಜ್ಜನ ಹೆಸರು ಸಲೀಸಾಗಿ ಸಿಕ್ಕಿತು. ಅದಕ್ಕೂ ಹಿಂದಿನ ಉರ್ದು ನಕಲನ್ನು ಮಾನ್ವಿಯ ವೃದ್ಧ ಮಾಸ್ತರರೊಬ್ಬರು ಓದಿ ಹೇಳಿದರು. ಅವರು ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, “ನಿಮ್ಮ ಮುತ್ಯಾನ ಹೆಸರು ಕಬ್ಜೇದಾರ್ ಅಂತ ಅದ. ಪಟ್ಟೇದಾರ್ ಬ್ಯಾರೆ ಇದ್ದಾನ ನೋಡ್ರಿ” ಎಂದರು. ನಕಲು ಮಾಡುವವನ ಕೈ ತಪ್ಪಿರಬೇಕೆಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ. ಬೇಡವಾದ ಸಾಕ್ಷಿಯನ್ನು ಸಂಶೋಧಕರು ಹೀಗೆಯೇ ಬಿಡುತ್ತಾರೆಂದು ಕೇಳಿದ್ದೆ; ನಾನೂ ಅದನ್ನೇ ಮಾಡಿದೆ.

ಊರ ಹಳೆಯ ಕುಲಕರ್ಣಿಯವರ ಮನೆಯ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟಿತ್ತು. ಅದರಲ್ಲಿ ಗೆದ್ದಲು ತಿಂದು ಉಳಿದ ಲಾವಣಿಯ ಯಾದಿಗಳು. ಮೋಡಿ ಬಲ್ಲ ಹಿರಿಯರೊಬ್ಬರನ್ನು ರಾಯಚೂರಿನಿಂದ ಕರೆತಂದು ಓದಿಸಿದೆ. ಫಸಲಿ 1287ರ ಯಾದಿಯಲ್ಲಿ ನಮ್ಮ ಊರ ಮುಂದಿನ ಹೊಲದ ಎದುರು ಬೇರೊಂದು ಮನೆತನದವನ ಹೆಸರು. ಅದರ ಮುಂದೆ ಒಂದೇ ಶಬ್ದ: ಫರಾರಿ. ಊರು ಬಿಟ್ಟು ಓಡಿಹೋದವನು. ಅಂಥ 'ಫರಾರಿ'ಗಳು ಆ ಒಂದೇ ಹಾಳೆಯಲ್ಲಿ ಮತ್ತೂ ಹಲವು ಇದ್ದವು. ಎರಡು ಹಾಳೆ ದಾಟಿದ ಮೇಲೆ ಅದೇ ಹೊಲಕ್ಕೆ ದೊಡ್ಡ ಮುತ್ಯಾನ ಹೆಸರು, ಮೊತ್ತಮೊದಲ ಸಲ.

1287ಕ್ಕೆ 590 ಕೂಡಿಸಿ ನೋಡಿ. 1877. ಮುಂದಿನದನ್ನು ನಮ್ಮ ಕಡೆಯ ಯಾವ ಮುದುಕಿಯೂ ಹೇಳಬಲ್ಲಳು: ಧಾತು ಈಶ್ವರ ಸಂವತ್ಸರಗಳ ಬರ. 1876ರಲ್ಲಿ ಮಳೆ ಕೈಕೊಟ್ಟಿತು. 1877ರಲ್ಲಿಯೂ ಬಾರದೆ ದಕ್ಷಿಣ ಹಿಂದೂಸ್ಥಾನವೆಲ್ಲ ತತ್ತರಿಸಿತು. ಮೈಸೂರು ಸಂಸ್ಥಾನದಲ್ಲಿ ಜನಸಂಖ್ಯೆಯ ಐದನೆಯ ಒಂದು ಭಾಗದಷ್ಟು ಕರಗಿಹೋಯಿತೆಂದು ಲೆಕ್ಕ. ಬಳ್ಳಾರಿಯೂ ನಮ್ಮ ದೋಆಬೂ ಬಹಳ ನೊಂದ ಸೀಮೆಗಳು. ರಾಯಚೂರಿಗೆ 1871ರಲ್ಲಿಯೇ ಮುಂಬಯಿ, ಮದರಾಸುಗಳ ಎರಡೂ ಕಡೆಯಿಂದ ರೈಲು ಬಂದು ಕೂಡಿತ್ತು. ರೈಲಿನಲ್ಲಿ ಕಾಳು ಬರಬಹುದು. ಆದರೆ ಕೊಳ್ಳುವವನ ಕೈಯಲ್ಲಿ ಕಾಸಿರಬೇಕಲ್ಲ! ಎತ್ತು ಸತ್ತವನಿಗೆ, ಬೀಜ ತಿಂದು ಮುಗಿಸಿದವನಿಗೆ, ಹೊಲ ಬಿಟ್ಟು ನಡೆಯುವುದೊಂದೇ ದಾರಿ. ಮಳೆ ಬಂದಾಗ ಸರಕಾರಕ್ಕೆ ಕಂದಾಯ ಬೇಕು. ಪಾಳು ಬಿದ್ದ ಹೊಲವನ್ನು ಬಿತ್ತುವವರು ಯಾರು ಬಂದರೂ ಅವರಿಗೆ ಲಾವಣಿ.

ಆ ವರ್ಷ ಚಳಿಗಾಲದಲ್ಲಿ ಹೆಳವ ಸಿಕ್ಕ. ಎತ್ತಿನ ಬದಲು ಟೆಂಪೊ, ಕಂಬಳಿಯ ಬದಲು ಕೊರಳಿಗೊಂದು ಶಾಲು. ಪುಸ್ತಕ ಮಾತ್ರ ಅಪ್ಪನ ಕಾಲದ್ದು. ನನ್ನ ಬಾಲ್ಯದಲ್ಲಿ ಬರುತ್ತಿದ್ದವನ ಮೊಮ್ಮಗನಂತೆ. ಕಾಕಾನೂ ಬಂದು ಜಗಲಿಯ ಮೇಲೆ ಕುಳಿತ. ಹೆಳವ ಕಣ್ಣು ಮುಚ್ಚಿ ಶುರುಮಾಡಿದ. ದೊಡ್ಡ ಮುತ್ಯಾನ ನಿಜವಾದ ಹೆಸರು ಬಂತು. ಕುಲಕರ್ಣಿಯವರ ಯಾದಿಯಲ್ಲಿದ್ದ ಅದೇ ಹೆಸರು. ಆತ ದೇವದುರ್ಗದ ಸೀಮೆಯಿಂದ, ಕೃಷ್ಣೆಯ ದಂಡೆಯ ಹಳ್ಳಿಯಿಂದ, ಈಶ್ವರ ಸಂವತ್ಸರದಲ್ಲಿ ಹೆಂಡತಿಯನ್ನೂ ಒಂದು ಎತ್ತನ್ನೂ ಕಟ್ಟಿಕೊಂಡು ಬಂದವನು.

ನಾನು ಹುಚ್ಚನಂತೆ ನಕ್ಕುಬಿಟ್ಟೆ. ನಮ್ಮ ಮನೆಯವರು ಪ್ರತಿ ವರ್ಷ ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನಿಗೆ ನಡೆದುಕೊಳ್ಳುವುದೇಕೆ, ಪೋತ್ನಾಳದವರಿಗೆ ಅಷ್ಟು ದೂರದ ದೇವರೇ ಮನೆದೇವರಾದದ್ದೇಕೆ ಎಂದು ಅರವತ್ತು ವರ್ಷ ಒಬ್ಬರೂ ಕೇಳಿರಲಿಲ್ಲ. ಮನುಷ್ಯ ಊರು ಬಿಡುವಾಗ ಹೊಲ ಬಿಡುತ್ತಾನೆ, ದೇವರನ್ನು ಬಿಡುವುದಿಲ್ಲ. ಹಳೆಯ ಊರಿನ ದಾರಿ ಕಣ್ಣ ಮುಂದೆಯೇ ಇತ್ತು.

ಕಾಕಾ ನಗಲಿಲ್ಲ. “ಯಾಕ ಕೆದಕ್ತಿ ಇದನ್ನೆಲ್ಲಾ? ನಾಳೆ ಯಾರರೆ ಬಂದು ಹೊಲಾ ನಮ್ದು ಅಂದ್ರ?” ಎಂದು ಎದ್ದು ಒಳಗೆ ಹೋದ. ಆತನ ಭಯವನ್ನು ಹಗುರಾಗಿ ಕಾಣುವಂತಿಲ್ಲ. ಪಟ್ಟಣದಲ್ಲಿ ಪಿಂಚಣಿ ತಿನ್ನುವ ನನಗೆ ಇದು ಚರಿತ್ರೆ, ಆತನಿಗೆ ಅನ್ನ.

ಆ ಹೊಲ ಬಿಟ್ಟುಹೋದವರು ಎಲ್ಲಿದ್ದಾರೆಂದು ಹೆಳವನನ್ನು ಕೇಳಿದೆ. “ಅವರು ನಮ್ಮ ಒಕ್ಕಲಲ್ಲ ಧಣಿ. ಅವರ ಹೆಳವ ಬ್ಯಾರೆ. ಆ ಮನಿ ಉಳದಿದ್ರ ಅವನ ಪುಸ್ತಕದಾಗ ಇರ್ತದ. ಭೇಟಿ ಆದಾಗ ಕೇಳಿ ನೋಡ್ತೀನಿ” ಎಂದು ಆ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡ. ಮತ್ತೊಂದು ವಿಷಯ ನನ್ನನ್ನು ಚುಚ್ಚಿತು. ದೊಡ್ಡ ಮುತ್ಯಾನ ಜೊತೆ ಬರದಲ್ಲಿ ನಡೆದು ಬಂದ ಆ ಹೆಣ್ಣುಮಗಳ ಹೆಸರು ಯಾದಿಯಲ್ಲಿಯೂ ಇಲ್ಲ, ಹೆಳವನಲ್ಲಿಯೂ ಇಲ್ಲ. ನನ್ನ ಇಬ್ಬರು ಮಗಳಂದಿರ ಹೆಸರನ್ನು ಬರೆದುಕೋ ಎಂದೆ. ಆತ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ಬರೀತೀನಿ, ಆದ್ರ ಜೋಳ ಎರಡು ಚೀಲ ಆಗ್ತದ” ಎಂದ. ಕೊಟ್ಟೆ.

ಆ ಹೆಣ್ಣುಮಗಳು ಬಿಟ್ಟುಹೋದದ್ದು ಒಂದಿದೆ. ನನಗೆ ಅದು ಹೊಳೆದದ್ದು ಕೊನೆಗೆ. ನಮ್ಮ ಅಜ್ಜಿ 1918ರ ಇನ್‌ಫ್ಲೂಯೆಂಜಾ ಬೇನೆಯ ಕಾಲಕ್ಕೆ ಎಂಟು ಹತ್ತು ವರ್ಷದವಳು. ಆಮೇಲೆ ಈ ಮನೆಗೆ ಸೊಸೆಯಾಗಿ ಬಂದವಳು. ಎಳ್ಳಮಾಸಿಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಎಲ್ಲರಿಗೂ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಡಬು ಬಡಿಸುವ ಮೊದಲು ಆಕೆ ಒಂದು ಎಡೆಯನ್ನು ಬೇರೆ ತೆಗೆದು ಬಡಗಣ ಮೂಲೆಯ ಬನ್ನಿಗಿಡದ ಬುಡಕ್ಕೆ ಇಟ್ಟು ಬರುತ್ತಿದ್ದಳು. ಯಾರಿಗೆ ಎಂದು ಹುಡುಗರು ಕೇಳಿದರೆ “ಹೋದವರ ಪಾಲು” ಎನ್ನುತ್ತಿದ್ದಳು. ಸತ್ತ ಹಿರಿಯರಿಗೆ ಎಂದು ನಾವು ತಿಳಿದಿದ್ದೆವು. ಅತ್ತೆ ಹೇಳಿಕೊಟ್ಟದ್ದು, ಅತ್ತೆಗೆ ಅವಳ ಅತ್ತೆ ಹೇಳಿಕೊಟ್ಟದ್ದು ಎಂಬುದಕ್ಕಿಂತ ಹೆಚ್ಚು ಆಕೆಗೂ ಗೊತ್ತಿರಲಿಲ್ಲ. ಆ ಅತ್ತೆಯ ಅತ್ತೆಯೇ ಬರದಲ್ಲಿ ಬಂದವಳು. ಬಂದಾಗ ಹೊಲ ಬರಿದಾಗಿತ್ತು. ಯಾರದೋ ಒಲೆಯ ಗುಂಡುಗಳು ಇನ್ನೂ ಬಿದ್ದಿದ್ದುವೋ ಏನೋ.

ಅಜ್ಜಿ ಹೋದ ಮೇಲೆ ಆ ಎಡೆ ನಿಂತುಹೋಗಿದೆ ಎಂದೇ ನನ್ನ ಎಣಿಕೆ. ಮರುವರ್ಷ ಎಳ್ಳಮಾಸಿಗೆ ಊರಿಗೆ ಹೋಗಿದ್ದೆ. ಹೊಲವೆಲ್ಲ ಈಗ ಭತ್ತದ ಗದ್ದೆ; ಬನ್ನಿಗಿಡ ಎಂದೋ ಹೋಗಿ ಅಲ್ಲೊಂದು ತೂಬು ಬಂದಿದೆ. ಎಲ್ಲರೂ ಊಟಕ್ಕೆ ಕುಳಿತಾಗ ಕಾಕಾ ಕಾಣಲಿಲ್ಲ. ನೋಡಿದರೆ, ಧೋತರವನ್ನು ಮೊಳಕಾಲಿನವರೆಗೆ ಎತ್ತಿ ಕಟ್ಟಿ, ಕೈಯಲ್ಲೊಂದು ಎಲೆ ಹಿಡಿದು, ಬದುವಿನ ಮೇಲೆ ಮೆಲ್ಲಗೆ ತೂಬಿನ ಕಡೆ ನಡೆದಿದ್ದ. ತಿರುಗಿ ಬಂದವನು ನನ್ನ ಪಕ್ಕದಲ್ಲಿಯೇ ಕುಳಿತು, “ಹೆಳವ ಏನರೆ ಹೇಳಿ ಕಳಿಸಿದನೇನು?” ಎಂದು ಕೇಳಿದ.

ಇನ್ನೂ ಇಲ್ಲ ಎಂದೆ.