ವರ್ಷಾಶನದಿಂದ ವೈಯಕ್ತಿಕ ಖಾತೆಯವರೆಗೆ

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ಹಾದಿಯಲ್ಲಿ, ತುಂಗೆಯ ಹಿನ್ನೀರಿನ ದಡದಲ್ಲಿ, ನಮ್ಮ ಸಕ್ರೆಬೈಲಿನ ಆನೆಬಿಡಾರವಿದೆ. ಮುಪ್ಪಡರಿದ ಆನೆಯನ್ನು ದುಡಿಮೆಯಿಂದ ಬಿಡಿಸಿದ ಮೇಲೂ ಅರಣ್ಯ ಇಲಾಖೆ ಅದಕ್ಕೆ ಮೇವು ಹಾಕುತ್ತದೆ. ದುಡಿಸಿಕೊಂಡವರೇ ವೃದ್ಧಾಪ್ಯದಲ್ಲಿ ಸಾಕಬೇಕೆಂಬುದು ಪಿಂಚಣಿಯ ಮೂಲತತ್ತ್ವ. ಹಿರಿಯರ ‘ವರ್ಷಾಶನ’ ಎಂಬ ಪದದಲ್ಲಿಯೂ ಇರುವುದು ಅನ್ನದ ಭರವಸೆಯೇ. ಮನುಷ್ಯರ ವಿಷಯದಲ್ಲಿ ಮಾತ್ರ ಈ ಹೊಣೆ ಮೆಲ್ಲಮೆಲ್ಲನೆ ದುಡಿದವನ ಹೆಗಲಿಗೇ ಜಾರಿತು.

ಮೈಸೂರು ಸಂಸ್ಥಾನವು 1891ರಲ್ಲಿಯೇ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ತನ್ನ ನೌಕರರಿಗಾಗಿ ಜೀವವಿಮೆಯ ಏರ್ಪಾಡು ಮಾಡಿತು. ಇಂದಿನ ಕೆ.ಜಿ.ಐ.ಡಿ. ಅದರ ಮುಂದುವರಿಕೆ. ಕಾರ್ಖಾನೆಯ ಕಾರ್ಮಿಕರ ಸರದಿ ಬಂದದ್ದು 1952ರ ನೌಕರರ ಭವಿಷ್ಯ ನಿಧಿ ಕಾಯಿದೆಯಿಂದ. ಅದಕ್ಕೆ ಮೊದಲು ಒಳಪಟ್ಟ ಆರು ಉದ್ಯಮಗಳಲ್ಲಿ ಕಬ್ಬಿಣ-ಉಕ್ಕು ಮತ್ತು ಕಾಗದ ಎರಡೂ ಇದ್ದವು. ಭದ್ರಾವತಿಗೆ ಹೆಸರು ತಂದ ಉದ್ಯಮಗಳೂ ಇವೇ ಅಲ್ಲವೆ? ನೌಕರ, ಮಾಲೀಕ ಇಬ್ಬರೂ ಹಣ ಕಟ್ಟುವ ಈ ನಿಧಿಯಲ್ಲಿ ಪ್ರತಿಯೊಬ್ಬನ ಹೆಸರಿಗೂ ಪ್ರತ್ಯೇಕ ಲೆಕ್ಕವಿರುತ್ತದೆ. 1968ರಲ್ಲಿ ಬಂದ ಸಾರ್ವಜನಿಕ ಭವಿಷ್ಯ ನಿಧಿಯು ಮಾಲೀಕನೇ ಇಲ್ಲದ ರೈತ, ವರ್ತಕರಿಗೂ ಅಂಥದೊಂದು ಖಾತೆಯನ್ನು ತೆರೆಯಿತು.

ಪ್ರತ್ಯೇಕ ಲೆಕ್ಕದ ಮಹತ್ತ್ವವನ್ನು ಅಮೆರಿಕ ಕಲಿತದ್ದು ಕಹಿಯಾಗಿಯೇ. 1963ರ ಡಿಸೆಂಬರಿನಲ್ಲಿ ಸೌತ್ ಬೆಂಡ್ ನಗರದ ಸ್ಟೂಡಿಬೇಕರ್ ಮೋಟಾರು ಕಾರ್ಖಾನೆ ಮುಚ್ಚಿತು. ಪಿಂಚಣಿ ನಿಧಿಯಲ್ಲಿ ಸಾಕಷ್ಟು ಹಣವಿರಲಿಲ್ಲ. ನಿವೃತ್ತಿಯ ವಯಸ್ಸು ತಲುಪದಿದ್ದ ಸುಮಾರು 4 ಸಾವಿರ ಮಂದಿಗೆ ತಮಗೆ ಬರಬೇಕಾದುದರಲ್ಲಿ ಶೇಕಡ 15ರಷ್ಟು ಮಾತ್ರ ದಕ್ಕಿತು. ಇನ್ನೂ ಕಿರಿಯರಿಗೆ ಏನೂ ಇಲ್ಲ. ಮುಂದೆ 1974ರಲ್ಲಿ ಬಂದ ಕಾಯಿದೆ ಪಿಂಚಣಿ ನಿಧಿಗಳನ್ನು ಬಿಗಿಗೊಳಿಸಿತು. ಕಂಪೆನಿಯ ಪಿಂಚಣಿಯಿಲ್ಲದವರಿಗೆ ‘ವೈಯಕ್ತಿಕ ನಿವೃತ್ತಿ ಖಾತೆ’ಯನ್ನೂ ಕೊಟ್ಟಿತು.

ಕರ್ನಾಟಕದಲ್ಲಿ ಗೆರೆ ಬಿದ್ದದ್ದು 2006ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ಸರ್ಕಾರಿ ಸೇವೆಗೆ ಸೇರಿದ ಶಿಕ್ಷಕರಿಗೆ ಸಂಬಳದ ಆಧಾರದ ಮೇಲೆ ನಿಶ್ಚಿತ ಪಿಂಚಣಿ. ಅನಂತರ ಸೇರಿದವರು ಹೊಸ ಪಿಂಚಣಿ ಯೋಜನೆಗೆ ಒಳಪಟ್ಟರು: ವೇತನದ ಶೇಕಡ 10 ಅವರದು, ಸರ್ಕಾರದ್ದೂ ಅಷ್ಟೇ, 2019ರಲ್ಲಿ ಸರ್ಕಾರದ ಪಾಲು ಶೇಕಡ 14ಕ್ಕೆ ಏರಿತು. ಆ ಹಣ ಮಾರುಕಟ್ಟೆಯಲ್ಲಿ ಎಷ್ಟು ಬೆಳೆಯುತ್ತದೋ ಅಷ್ಟು. ಒಂದೇ ಕೊಠಡಿಯಲ್ಲಿ ಕುಳಿತು ಒಂದೇ ಪಾಠ ಹೇಳುವ ಇಬ್ಬರ ಮುಪ್ಪನ್ನು ಒಂದು ದಿನಾಂಕ ಬೇರ್ಪಡಿಸಿತು. ಅವರ ಅಸಮಾಧಾನ ನ್ಯಾಯವಾದದ್ದೆಂದೇ ನಾನು ಭಾವಿಸುತ್ತೇನೆ.

ವೈಯಕ್ತಿಕ ಖಾತೆಗೆ ಒಂದು ದೊಡ್ಡ ಗುಣವಿದೆ: ಕಾರ್ಖಾನೆ ಮುಚ್ಚಿದರೂ ಅದು ನಮ್ಮದೇ. ದೋಷವೂ ಅಷ್ಟೇ ದೊಡ್ಡದು: ಮಾರುಕಟ್ಟೆಯ ಏರಿಳಿತವೂ ನಮ್ಮದೇ. ಆ ದೋಷಕ್ಕೆ ನಮ್ಮ ಕೈಲಿರುವ ಮದ್ದು ಕಾಲವೊಂದೇ. ತಿಂಗಳಿಗೆ 500 ರೂಪಾಯಿಯನ್ನು ಶೇಕಡ 8ರ ಚಕ್ರಬಡ್ಡಿಯಲ್ಲಿ 15 ವರ್ಷ ಕೂಡಿಟ್ಟರೆ ಸುಮಾರು 1 ಲಕ್ಷ 73 ಸಾವಿರ. 30 ವರ್ಷ ಕೂಡಿಟ್ಟರೆ ಸುಮಾರು 7 ಲಕ್ಷ 45 ಸಾವಿರ. ಕಾಲ ಇಮ್ಮಡಿಯಾದರೆ ಫಲ ನಾಲ್ಮಡಿಗೂ ಮಿಗಿಲು. ತರುಣ ಮಿತ್ರರು ಮೊದಲ ಸಂಬಳದ ತಿಂಗಳಿನಲ್ಲಿಯೇ ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿನೋಡಲಿ.