ಸಿಹಿಕಹಿ ಚಂದ್ರು: ನಗೆಯ ಮನೆಯಿಂದ ಅಡುಗೆಮನೆಗೆ

ಕನ್ನಡದ ಕಲಾವಿದರಲ್ಲಿ ಪಾತ್ರದ ಅಥವಾ ಕೃತಿಯ ಹೆಸರನ್ನೇ ಮನೆತನದ ಹೆಸರಿನಂತೆ ಹೊತ್ತವರು ಹಲವರಿದ್ದಾರೆ. ‘ಮುಖ್ಯಮಂತ್ರಿ’ ನಾಟಕದಿಂದ ಒಬ್ಬ ಚಂದ್ರು ಮುಖ್ಯಮಂತ್ರಿ ಚಂದ್ರು ಆದರೆ, ದೂರದರ್ಶನದ ‘ಸಿಹಿಕಹಿ’ ಧಾರಾವಾಹಿಯಿಂದ ಇನ್ನೊಬ್ಬರು ಸಿಹಿಕಹಿ ಚಂದ್ರು ಆದರು. ಇಬ್ಬರ ಮೂಲ ಹೆಸರೂ ಚಂದ್ರಶೇಖರ್. ಆದರೆ ಎರಡನೆಯವರ ಪಾಲಿಗೆ ಬಂದ ಹೆಸರಿನಲ್ಲಿ ಎರಡು ರುಚಿಗಳಿದ್ದವು. ಸೌಟು ಹಿಡಿದು ಕ್ಯಾಮೆರಾ ಮುಂದೆ ನಿಲ್ಲುವ ಕಾಲ ಅವರಿಗೆ ಬಂದದ್ದು ಅದಾಗಿ ದಶಕಗಳ ನಂತರ.

‘ಸಿಹಿಕಹಿ’ 1980ರ ದಶಕದ ಧಾರಾವಾಹಿ. ಮನೆಯಲ್ಲಿ ಟಿ.ವಿ. ಇದ್ದರೂ ನೋಡಲು ಬೆಂಗಳೂರು ದೂರದರ್ಶನವೊಂದೇ ಕನ್ನಡದ ಆಸರೆಯಾಗಿದ್ದ ಕಾಲವದು. ಒಂದು ಧಾರಾವಾಹಿ ಜನಪ್ರಿಯವಾದರೆ ಬೀದಿಯ ಮನೆಗಳೆಲ್ಲ ಅದನ್ನೇ ನೋಡುತ್ತಿದ್ದವು. ಕಲಾವಿದರು ಮನೆಮಂದಿಯಷ್ಟೇ ಪರಿಚಿತರಾಗುತ್ತಿದ್ದರು. ಇದರಲ್ಲಿ ಚಂದ್ರು ಅವರೊಡನೆ ನಟಿಸಿದ ಗೀತಾ ಅವರಿಗೂ ‘ಸಿಹಿಕಹಿ’ ಎಂಬ ಬಿರುದು ಅಂಟಿಕೊಂಡಿತು. ಮುಂದೆ ಇಬ್ಬರೂ ನಿಜಜೀವನದಲ್ಲಿಯೂ ದಂಪತಿಗಳಾದರು. ಅವರ ಪುತ್ರಿ ಹಿತಾ ಚಂದ್ರಶೇಖರ್ ಕೂಡ ಚಿತ್ರನಟಿ.

ಹಿರಿತೆರೆಯಲ್ಲಿ ಚಂದ್ರು ಅವರದು ಪೋಷಕ ಹಾಗೂ ಹಾಸ್ಯ ನಟನ ಸ್ಥಾನ. ಫಣಿ ರಾಮಚಂದ್ರ ನಿರ್ದೇಶಿಸಿ, ಅನಂತನಾಗ್ ನಾಯಕರಾಗಿದ್ದ ‘ಗೌರಿ ಗಣೇಶ’ (1991) ಚಿತ್ರದಲ್ಲಿ ಮೇಲೆ ಹೇಳಿದ ಇಬ್ಬರು ಚಂದ್ರುಗಳೂ ಇದ್ದಾರೆ. ಇಂತಹ ನಟರಿಗೆ ಚಿತ್ರರಂಗದಲ್ಲಿ ಕೆಲಸ ಸಿಗುತ್ತದೆ, ಆದರೆ ನಾಳೆಯ ಭರವಸೆ ಸಿಗುವುದಿಲ್ಲ. ಬೇರೆಯವರು ಪಾತ್ರ ಕೊಡುವವರೆಗೆ ಕಾಯುವುದು ಅಥವಾ ಪಾತ್ರಗಳನ್ನು ತಾವೇ ಸೃಷ್ಟಿಸುವುದು, ಇವೆರಡೇ ದಾರಿಗಳು. ಚಂದ್ರು ಎರಡನೆಯದನ್ನು ಹಿಡಿದರು.

2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ವಾಹಿನಿ ಆರಂಭವಾದ ಮೇಲೆ ಹಾಸ್ಯ ಧಾರಾವಾಹಿಗಳಿಗೆ ಹೊಸ ಅಂಗಳ ದೊರೆಯಿತು. ಚಂದ್ರು ಅವರ ‘ಪಾಪ ಪಾಂಡು’ ಅಲ್ಲಿಯೇ ಬೆಳೆಯಿತು. ಚಿದಾನಂದ್ ಅವರ ಪಾಂಡು ಮತ್ತು ಶಾಲಿನಿ ಅವರ ಶ್ರೀಮತಿಯನ್ನು ಅಂದಿನ ವೀಕ್ಷಕರು ಮರೆತಿಲ್ಲ. ಅವರ ಬಳಗದಿಂದಲೇ ಬಂದ ‘ಸಿಲ್ಲಿ ಲಲ್ಲಿ’ಯನ್ನು ವಿಜಯಪ್ರಸಾದ್ ನಿರ್ದೇಶಿಸಿದರು, ಡಾ. ವಿಠಲ್ ರಾವ್ ಪಾತ್ರದಿಂದ ರವಿಶಂಕರ್ ಗೌಡ ಮನೆಮಾತಾದರು. ಒಂದು ಧಾರಾವಾಹಿಯಿಂದ ಹೆಸರು ಪಡೆದ ನಟ, ಈಗ ಇತರರಿಗೆ ಹೆಸರು ಕೊಡುವ ಸ್ಥಾನದಲ್ಲಿದ್ದರು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಯಾವುದೇ ಮಧ್ಯಮವರ್ಗದ ಮನೆಯ ಹಜಾರದಲ್ಲಿ ನಡೆಯಬಹುದಾದ ಜಗಳ, ಜಿಪುಣತನ, ನೆರೆಹೊರೆಯ ಕುತೂಹಲಗಳೇ ಈ ಹಾಸ್ಯದ ಬಂಡವಾಳ. 2018ರಲ್ಲಿ ‘ಪಾಪ ಪಾಂಡು’ ಕಲರ್ಸ್ ಸೂಪರ್ ವಾಹಿನಿಯಲ್ಲಿ ಎರಡನೆಯ ಬಾರಿ ತೆರೆಗೆ ಬಂದಿತು.

ಸ್ಟಾರ್ ಸುವರ್ಣ ವಾಹಿನಿಯ ‘ಬೊಂಬಾಟ್ ಭೋಜನ’ ಚಂದ್ರು ಅವರನ್ನು ಇನ್ನೊಂದು ಪೀಳಿಗೆಗೆ ಪರಿಚಯಿಸಿತು. ಕಿರುತೆರೆಯಲ್ಲಿ ಪುರುಷರು ಅಡುಗೆ ಮಾಡುವುದು ಹೊಸತಲ್ಲ. 1993ರಲ್ಲಿ ಜೀ ಟಿ.ವಿ.ಯ ‘ಖಾನಾ ಖಜಾನಾ’ದಿಂದ ಸಂಜೀವ್ ಕಪೂರ್ ದೇಶಕ್ಕೆಲ್ಲ ಪರಿಚಿತರಾದರು, ಕನ್ನಡದಲ್ಲಿ ಜೀ ವಾಹಿನಿಯ ‘ಒಗ್ಗರಣೆ ಡಬ್ಬಿ’ಯ ಮುರಳಿ ಇದ್ದರು. ಆದರೆ ಕಪೂರ್ ಹೋಟೆಲಿನಲ್ಲಿ ಪಳಗಿದ ಬಾಣಸಿಗರು. ಚಂದ್ರು ಒಲೆಯ ಮುಂದೆ ನಿಂತದ್ದು ನಟನಾಗಿ, ಮನೆಯ ಹಿರಿಯನಾಗಿ. ಒಗ್ಗರಣೆ ಸಿಡಿಯುವ ಹೊತ್ತಿನಲ್ಲೂ ಮಾತು ನಿಲ್ಲದಂತೆ ನೋಡಿಕೊಳ್ಳುವುದು, ತುತ್ತು ಬಾಯಿಗಿಟ್ಟಾಗ ರುಚಿಯನ್ನು ಮುಖದಲ್ಲೇ ತೋರಿಸುವುದು ಪಾಕಶಾಸ್ತ್ರಕ್ಕಿಂತ ಹೆಚ್ಚಾಗಿ ಅಭಿನಯದ ಕೆಲಸ. ದೂರದರ್ಶನದ ದಿನಗಳಿಂದ ಮನೆಮಂದಿಯನ್ನು ನಗಿಸುತ್ತ ಬಂದವರಿಗೆ ಅದು ಸುಲಭವಾಗಿ ಒಲಿದದ್ದರಲ್ಲಿ ಆಶ್ಚರ್ಯವಿಲ್ಲ.

ಸ್ಟುಡಿಯೋದ ಒಲೆಯ ಮುಂದಷ್ಟೇ ನಿಲ್ಲದೆ, ‘ಬಯಲೂಟ’ದಂತಹ ಭಾಗಗಳಲ್ಲಿ ಹೊರಗೆ ಹೋಗಿ ಊರೂರಿನ ಅಡುಗೆಯನ್ನು ತೋರಿಸಿದ್ದು ಕಾರ್ಯಕ್ರಮದ ಹೆಚ್ಚುಗಾರಿಕೆ. ನಮ್ಮ ಮನೆಯಡುಗೆ ಬಹುಮಟ್ಟಿಗೆ ಕೈಯಳತೆ, ಕಣ್ಣಳತೆಗಳಲ್ಲಿ ಉಳಿದಿರುವ ವಿದ್ಯೆ. ಮಲೆನಾಡಿನ ಕಡುಬು, ಮಂಡ್ಯ ಸೀಮೆಯ ಉಪ್ಸಾರು, ಉತ್ತರ ಕರ್ನಾಟಕದ ಎಣ್ಣೆಗಾಯಿಗಳನ್ನು ಬಲ್ಲ ಅಜ್ಜಿಯರು ಅವನ್ನು ಬರೆದಿಟ್ಟವರಲ್ಲ. ನಗರಕ್ಕೆ ಬಂದ ಮಕ್ಕಳು ಊರಿಗೆ ಹೋದಾಗ ಮಾತ್ರ ಅದನ್ನು ಉಣ್ಣುತ್ತಾರೆ. ಇಂತಹ ಅಡುಗೆಯನ್ನು ಬಲ್ಲವರ ಕೈಯಿಂದಲೇ ಮಾಡಿಸಿ ಚಿತ್ರೀಕರಿಸಿದರೆ ಅಷ್ಟರಮಟ್ಟಿಗೆ ದಾಖಲೆ ಉಳಿಯುತ್ತದೆ.

ಒಂದು ಆಕ್ಷೇಪವನ್ನೂ ಹೇಳಬೇಕು. ಎಲ್ಲ ವಾಹಿನಿಗಳ ಅಡುಗೆ ಕಾರ್ಯಕ್ರಮಗಳಂತೆ ಇಲ್ಲಿಯೂ ಹೊಗಳಿಕೆ ಧಾರಾಳ. ಮಾಡಿದ್ದೆಲ್ಲವೂ ಬೊಂಬಾಟ್ ಆದರೆ, ಯಾವುದಕ್ಕೆ ಉಪ್ಪು ಹೆಚ್ಚಾಯಿತು ಎಂಬುದು ನೋಡುಗರಿಗೆ ತಿಳಿಯುವುದಾದರೂ ಹೇಗೆ? ಹೆಸರಿನಲ್ಲೇ ಕಹಿಯನ್ನು ಇಟ್ಟುಕೊಂಡವರು ಒಮ್ಮೊಮ್ಮೆ ಮುಖ ಹಿಂಡಿದ್ದರೆ ವೀಕ್ಷಕರು ಬೇಸರಿಸುತ್ತಿರಲಿಲ್ಲ.