ಬೊಂಗಾಂವ್‌ನಿಂದ ಬ್ಯಾಂಕಾಕ್‌ವರೆಗೆ

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರನ್ನು ಪಶ್ಚಿಮ ಬಂಗಾಳದ ಗಡಿಯ ಬೊಂಗಾಂವ್‌ನಲ್ಲಿ ಕಾಲರಾ ಕಾಡಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೇ ಮಲಗಿದ್ದರು. ರಕ್ತನಾಳಕ್ಕೆ ಹನಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಾಲನಬೀಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಕುಡಿಸಲು ನಿರ್ಧರಿಸಿದರು. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನು ಹೀರುತ್ತದೆ, ಅದರ ಹಿಂದೆಯೇ ನೀರೂ ಒಳಸೇರುತ್ತದೆ. ಢಾಕಾದಲ್ಲಿ 1968ರಲ್ಲೇ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಇದನ್ನು ರೋಗಿಗಳ ಮೇಲೆ ಪರೀಕ್ಷಿಸಿದ್ದರು. ಆದರೆ ವೈದ್ಯರ ಕಣ್ಗಾವಲಿಲ್ಲದೆ, ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸುವುದು ದೊಡ್ಡ ಧೈರ್ಯ. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

1978ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಈ ಚಿಕಿತ್ಸೆಯ ತತ್ವವನ್ನು ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಲ್ಲದು ಎಂದಿತು.

ಮಹಾಲನಬೀಸ್ ಅವರಿಗೆ ಗೌರವಗಳು ಮಾತ್ರ ನಿಧಾನವಾಗಿ ಬಂದವು. 2002ರಲ್ಲಿ ಅಮೆರಿಕದ ಪೊಲಿನ್ ಪ್ರಶಸ್ತಿ. 2006ರಲ್ಲಿ ನಲಿನ್, ಕ್ಯಾಶ್ ಅವರೊಂದಿಗೆ ಥಾಯ್ಲೆಂಡಿನ ಪ್ರಿನ್ಸ್ ಮಹಿಡೋಲ್ ಪ್ರಶಸ್ತಿ. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿ, ಚಿಯಾಂಗ್ ಮಾಯ್‌ನ ಆಸ್ಪತ್ರೆಯಲ್ಲಿ ದುಡಿದ ರಾಜಕುಮಾರನ ಜನ್ಮಶತಮಾನೋತ್ಸವದ ನೆನಪಿಗೆ 1992ರಲ್ಲಿ ಸ್ಥಾಪನೆಯಾದದ್ದು ಅದು. ಸಾರ್ವಜನಿಕ ಆರೋಗ್ಯಕ್ಕೇ ಪ್ರತ್ಯೇಕ ಪ್ರಶಸ್ತಿಯಿಟ್ಟ ಆ ದೇಶದ ವಿವೇಕ ಮೆಚ್ಚಬೇಕಾದದ್ದು.

ಭಾರತದಲ್ಲಿ ಕಥೆಯೇ ಬೇರೆ. ಕಾಲರಾ ವಿಷವನ್ನು 1959ರಲ್ಲೇ ಕಲ್ಕತ್ತದಲ್ಲಿ ತೋರಿಸಿಕೊಟ್ಟ ಶಂಭುನಾಥ ಡೇ ಅವರಿಗೆ ಬದುಕಿದ್ದಾಗ ದೇಶದ ಯಾವ ದೊಡ್ಡ ಗೌರವವೂ ಸಿಗಲಿಲ್ಲ. ಮಹಾಲನಬೀಸ್ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಭಾರತ ಅವರಿಗೆ ಪದ್ಮವಿಭೂಷಣ ಘೋಷಿಸಿದ್ದು 2023ರ ಜನವರಿಯಲ್ಲಿ.